ದೊಡ್ಡ ಕರುಳಿನ ಬೇನೆಗಳು ಮತ್ತು ಅವುಗಳ ಕುರುಹು

ಮಲವಿಸರ್ಜನೆಯನ್ನು ಹೆಸರಿಟ್ಟು ಹೇಳುವುದು ಸಭ್ಯತೆಯಲ್ಲವೆಂದು ನಮ್ಮ ಹಿರಿಯರು ‘ಬಹಿರ್ದೆಸೆಗೆ ಹೋಗುವುದು’ ಎಂಬ ಮಾತನ್ನು ಬಳಸುತ್ತಿದ್ದರು. ಊರ ಹೊರಗಿನ ಬಯಲನ್ನು ಬಿಟ್ಟು ಮನೆಯೊಳಗಿನ ಶೌಚಗೃಹಕ್ಕೆ ಬಂದಮೇಲೂ ಆ ಮಾತಿನ ಹಿಂದಿದ್ದ ಸಂಕೋಚ ನಮ್ಮನ್ನು ಬಿಟ್ಟಿಲ್ಲ. ನಾಲ್ವರ ನಡುವೆ ಈ ಸಂಕೋಚ ಶೋಭಿಸತಕ್ಕದ್ದೇ. ಆದರೆ ಅದು ರೋಗಿಯ ಜೊತೆಯಲ್ಲಿ ವೈದ್ಯರ ಕೊಠಡಿಯೊಳಕ್ಕೂ ಬಂದು ಕುಳಿತುಕೊಳ್ಳುತ್ತದೆ. ತಲೆನೋವು ಎಂದು ಬಂತು, ಎಷ್ಟು ಹೊತ್ತು ಇತ್ತು, ಯಾವ ಪಕ್ಕದಲ್ಲಿತ್ತು ಎಂಬುದನ್ನೆಲ್ಲ ವಿವರವಾಗಿ ಹೇಳಬಲ್ಲವರು ಕರುಳಿನ ವಿಷಯ ಬಂದಾಗ ‘ಹೊಟ್ಟೆ ಸರಿಯಿಲ್ಲ’ ಎಂಬ ಎರಡು ಮಾತಿನಲ್ಲಿ ಮುಗಿಸುವರು. ಮಲದಲ್ಲಿ ರಕ್ತ ಕಂಡಿದ್ದರೆ ‘ಮೂಲವ್ಯಾಧಿ ಇರಬೇಕು’ ಎಂದು ರೋಗನಿರ್ಣಯವನ್ನೂ ತಾವೇ ಮಾಡಿಕೊಂಡಿರುವರು. ಊರೂರಿನ ಬಸ್ ನಿಲ್ದಾಣದ ಗೋಡೆಗಳ ಮೇಲೆ ಮೂಲವ್ಯಾಧಿಯ ಚಿಕಿತ್ಸೆಗೆ ಇರುವಷ್ಟು ಜಾಹೀರಾತು ಬೇರೆ ಯಾವ ರೋಗಕ್ಕೂ ಇರಲಾರದು. ಆದುದರಿಂದ ಈ ಊಹೆ ಎಲ್ಲರಿಗೂ ಸುಲಭವಾಗಿ ಕೈಗೆ ಸಿಗುವಂಥದು. ಬಹುಪಾಲು ಸಂದರ್ಭಗಳಲ್ಲಿ ಅದು ಸರಿಯೂ ಆಗಿರುತ್ತದೆ. ಅಪಾಯವಿರುವುದೂ ಅಲ್ಲಿಯೇ, ಅನೇಕ ಸಲ ಸರಿಯಾಗುವ ಊಹೆಯನ್ನು ಯಾರೂ ಮತ್ತೆ ಪರೀಕ್ಷಿಸಹೋಗುವುದಿಲ್ಲ.

ದೊಡ್ಡ ಕರುಳಿನ ರೋಗಗಳು ಹಲವು. ಅವು ತೋರುವ ಕುರುಹುಗಳು ಮಾತ್ರ ಕೆಲವೇ. ಒಂದೇ ಕುರುಹು ಸಾಧುವಾದ ಬೇನೆಯಲ್ಲಿಯೂ ಪ್ರಾಣಾಂತಿಕವಾದ ಬೇನೆಯಲ್ಲಿಯೂ ಕಾಣಿಸಿಕೊಳ್ಳುವುದುಂಟು. ಹೀಗೇಕೆಂಬುದನ್ನು ತಿಳಿಯಬೇಕಾದರೆ ಮೊದಲು ಈ ಅಂಗದ ರಚನೆಯನ್ನೂ ಕೆಲಸವನ್ನೂ ಸ್ವಲ್ಪ ನೋಡಬೇಕು.

ಸಣ್ಣ ಕರುಳು ಸುಮಾರು 6 ಮೀಟರು ಉದ್ದವಾಗಿದ್ದರೆ ದೊಡ್ಡ ಕರುಳು ಒಂದೂವರೆ ಮೀಟರು ಮಾತ್ರ. ‘ದೊಡ್ಡ’ ಎಂಬ ವಿಶೇಷಣ ಅದರ ಅಗಲವನ್ನು ಕುರಿತದ್ದು. ಕಿಬ್ಬೊಟ್ಟೆಯ ಬಲಭಾಗದಲ್ಲಿ ಅದು ಒಂದು ಚೀಲದಂತೆ ಮೊದಲಾಗುತ್ತದೆ. ಇದಕ್ಕೆ ಅಂಧನಾಳವೆಂದು ಹೆಸರು. ಹುಳುವಿನ ಆಕಾರದ ಅಪೆಂಡಿಕ್ಸ್ ಜೋತುಬಿದ್ದಿರುವುದು ಈ ಚೀಲಕ್ಕೇ. ಅಲ್ಲಿಂದ ಕರುಳು ಯಕೃತ್ತಿನ ಅಡಿಯವರೆಗೆ ಮೇಲೇರಿ, ಹೊಟ್ಟೆಗೆ ಅಡ್ಡಲಾಗಿ ಎಡಕ್ಕೆ ಹಾಯ್ದು, ಎಡಪಕ್ಕದಲ್ಲಿ ಕೆಳಗಿಳಿದು, ಒಂದು ಡೊಂಕು ತಿರುವು ತೆಗೆದುಕೊಂಡು ಗುದನಾಳವನ್ನು ಸೇರುತ್ತದೆ. ಬಾಗಿಲಿನ ಚೌಕಟ್ಟಿನೊಳಗೆ ಸಣ್ಣ ಕರುಳನ್ನು ಸುರುಳಿ ಸುತ್ತಿ ಇಟ್ಟಂತೆ ಇವೆರಡರ ಜೋಡಣೆ.

ಆಹಾರದ ಸತ್ತ್ವವೆಲ್ಲ ಸಣ್ಣ ಕರುಳಿನಲ್ಲಿಯೇ ರಕ್ತಕ್ಕೆ ಸೇರಿಹೋಗುವುದರಿಂದ ದೊಡ್ಡ ಕರುಳಿಗೆ ಉಳಿಯುವುದು ನೀರು, ಲವಣ ಮತ್ತು ನಾರು. ದಿನವೊಂದಕ್ಕೆ ಸುಮಾರು ಒಂದೂವರೆ ಲೀಟರು ದ್ರವ ಅದರೊಳಕ್ಕೆ ಬರುತ್ತದೆ. ಹೊರಗೆ ಹೋಗುವ ನೀರು 100ರಿಂದ 200 ಮಿಲಿಲೀಟರು. ಮಿಕ್ಕದ್ದನ್ನೆಲ್ಲ ಕರುಳಿನ ಗೋಡೆ ಹೀರಿ ದೇಹಕ್ಕೆ ಹಿಂದಿರುಗಿಸುತ್ತದೆ. ನಾರಿನಂಶವನ್ನು ಅಲ್ಲಿ ಬಿಡಾರ ಹೂಡಿರುವ ಅಸಂಖ್ಯ ಬ್ಯಾಕ್ಟೀರಿಯಗಳು ಹುಳಿಯಿಸುತ್ತವೆ. ಆಗ ಹುಟ್ಟುವ ಆಮ್ಲಗಳು ಕರುಳಿನ ಒಳಪೊರೆಗೇ ಆಹಾರವಾಗುತ್ತವೆ. ಹೀಗೆ ಬಲಭಾಗದಲ್ಲಿ ಗಂಜಿಯಂತೆ ತೆಳ್ಳಗಿದ್ದ ಪದಾರ್ಥ ಎಡಭಾಗಕ್ಕೆ ಬರುವಷ್ಟರಲ್ಲಿ ಗಟ್ಟಿಯಾಗಿರುತ್ತದೆ. ನಾಳವೂ ಬಲಕ್ಕೆ ಅಗಲ, ಎಡಕ್ಕೆ ಇಕ್ಕಟ್ಟು. ಈ ಎಡಬಲದ ವ್ಯತ್ಯಾಸವನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಅದರಿಂದ ಪ್ರಯೋಜನವಿದೆ.

ಇನ್ನೊಂದು ಸಂಗತಿಯೂ ವಿಚಿತ್ರವಾದುದು. ಕರುಳಿನ ಒಳಪೊರೆಯನ್ನು ಚಿವುಟಿದರೂ ಕತ್ತರಿಸಿದರೂ ಸುಟ್ಟರೂ ನೋವಾಗುವುದಿಲ್ಲ. ಅದು ಬಿಗಿಯಾಗಿ ಸೆಟೆದುಕೊಂಡಾಗ, ಗಾಳಿಯಿಂದ ಹಿಗ್ಗಿದಾಗ ಅಥವಾ ಅದರ ಹೊರಮೈಗೆ ಉರಿಯೂತ ತಗಲಿದಾಗ ಮಾತ್ರ ನೋವು. ಆದುದರಿಂದ ಬರಿಯ ವಾಯುವಿನಿಂದ ಮನುಷ್ಯ ಹೊರಳಾಡಬಹುದು. ಕರುಳಿನೊಳಗೆ ಗಂಟೊಂದು ವರ್ಷಗಟ್ಟಲೆ ಬೆಳೆಯುತ್ತಿದ್ದರೂ ಏನೂ ತಿಳಿಯದಿರಬಹುದು. ನೋವಿನ ತೀವ್ರತೆಯಿಂದ ರೋಗದ ತೀವ್ರತೆಯನ್ನು ಅಳೆಯುವವರು ಇಲ್ಲಿ ಮೋಸಹೋಗುತ್ತಾರೆ.

ಭೇದಿಯಲ್ಲಿ ಎರಡು ಬಗೆಯಿರುವುದನ್ನು ಯಾರಾದರೂ ಗಮನಿಸಿರಬಹುದು. ಸಣ್ಣ ಕರುಳು ಕೆಟ್ಟರೆ ಭೇದಿ ನೀರುನೀರಾಗಿ, ಪ್ರಮಾಣದಲ್ಲಿ ಹೆಚ್ಚಾಗಿ, ದಿನಕ್ಕೆ ಕೆಲವು ಸಲ ಆಗುತ್ತದೆ. ದೇಹದ ನೀರು ಬತ್ತಿ ರೋಗಿ ಬೇಗ ಸೊರಗುತ್ತಾನೆ. ಕಾಲರಾ ಇದರ ಉಗ್ರರೂಪ. ದೊಡ್ಡ ಕರುಳಿನ, ಅದರಲ್ಲಿಯೂ ಅದರ ಕೆಳತುದಿಯ, ಬೇನೆಯಲ್ಲಿ ಹಾಗಲ್ಲ. ಹತ್ತಿಪ್ಪತ್ತು ಸಲ ಎದ್ದು ಹೋದರೂ ಬೀಳುವುದು ಒಂದೆರಡು ಚಮಚದಷ್ಟು; ಅದರಲ್ಲಿ ಲೋಳೆ, ಕೆಲವೊಮ್ಮೆ ರಕ್ತ. ಹೊಟ್ಟೆಯಲ್ಲಿ ನುಲಿತ. ಎಲ್ಲವೂ ಆಯಿತೆಂದು ಎದ್ದರೆ ಇನ್ನೂ ಉಳಿದಿದೆಯೆಂಬ ಭಾವನೆ; ಮತ್ತೆ ಕುಳಿತು ತಿಣುಕಿದರೆ ಏನೂ ಇಲ್ಲ. ಕನ್ನಡದಲ್ಲಿ ಇದಕ್ಕೆ ಆಮಶಂಕೆಯೆಂಬ ಹೆಸರಿದೆ. ಆಮವೆಂದರೆ ಲೋಳೆ, ಶಂಕೆಯೆಂದರೆ ಇಲ್ಲಿ ಮಲದ ಒತ್ತರ. ರೋಗಿಯ ಅನುಭವವನ್ನು ಇಷ್ಟು ಚೊಕ್ಕವಾಗಿ ಹಿಡಿದ ಹೆಸರು ವೈದ್ಯಗ್ರಂಥಗಳಲ್ಲಿಯೂ ಅಪರೂಪ.

ಆದರೆ ಆಮಶಂಕೆ ಒಂದೇ ರೋಗವಲ್ಲ. 1875ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಲೋಶ್ ಎಂಬ ವೈದ್ಯ ರಕ್ತಭೇದಿಯಿಂದ ನರಳುತ್ತಿದ್ದ ಒಬ್ಬ ರೈತನ ಮಲದಲ್ಲಿ ಚಲಿಸುವ ಅಮೀಬಗಳನ್ನು ಕಂಡನು. ಅವನ್ನು ನಾಯಿಗೆ ಸೇರಿಸಿದಾಗ ಅದರ ಕರುಳಿನಲ್ಲಿ ಹುಣ್ಣುಗಳೆದ್ದವು. ಇಷ್ಟಾದರೂ ರೋಗಕ್ಕೆ ಮೂಲಕಾರಣ ಅಮೀಬವೇ ಎಂದು ಹೇಳುವ ಧೈರ್ಯ ಆತನಿಗೆ ಬರಲಿಲ್ಲ. 1897ರಲ್ಲಿ ಜಪಾನಿನಲ್ಲಿ ರಕ್ತಭೇದಿ ಭೀಕರವಾಗಿ ಹಬ್ಬಿದಾಗ ಕಿಯೋಷಿ ಶಿಗಾ ಎಂಬ ತರುಣ ಸಂಶೋಧಕನು ಮತ್ತೊಂದು ಕಾರಣವನ್ನು ಕಂಡುಹಿಡಿದನು, ಅದೊಂದು ಬ್ಯಾಕ್ಟೀರಿಯ. ಇಂದಿಗೂ ಅದಕ್ಕೆ ಶಿಗೆಲ್ಲ ಎಂದೇ ಹೆಸರು. ಬ್ಯಾಕ್ಟೀರಿಯದ ಆಮಶಂಕೆ ಜ್ವರದೊಡನೆ ಥಟ್ಟನೆ ಬರುತ್ತದೆ. ಮಕ್ಕಳಲ್ಲಿ ಅದು ಒಂದೆರಡು ದಿನಗಳಲ್ಲಿಯೇ ವಿಷಮಿಸಬಹುದು. ಅಮೀಬದ್ದು ಮೆಲ್ಲಗೆ ಮೊದಲಾಗಿ, ಬಹುಮಟ್ಟಿಗೆ ಜ್ವರವಿಲ್ಲದೆ, ವಾರಗಟ್ಟಲೆ ಎಳೆಯುತ್ತದೆ. ಅಮೀಬಗಳು ಕರುಳಿನ ಗೋಡೆಯನ್ನು ಕೊರೆದು, ಬಾಯಿ ಚಿಕ್ಕದಾಗಿ ತಳ ಅಗಲವಾಗಿರುವ ಹೂಜಿಯ ಆಕಾರದ ಹುಣ್ಣುಗಳನ್ನು ಮಾಡುತ್ತವೆ. ಅಲ್ಲಿಂದ ರಕ್ತದ ಮೂಲಕ ಯಕೃತ್ತನ್ನು ಸೇರಿ ಕೀವುಗಟ್ಟಿಸುವುದೂ ಉಂಟು. ಆಗ ಬಲಪಕ್ಕೆಯ ಕೆಳಗೆ ನೋವು, ಜ್ವರ ಕಾಣಿಸಿಕೊಳ್ಳುತ್ತವೆ. ವಿಶೇಷವೇನೆಂದರೆ ಆ ವೇಳೆಗೆ ಭೇದಿ ನಿಂತೇ ಹೋಗಿರಬಹುದು.

ಅಮೀಬದ ಚಿಕಿತ್ಸೆಯ ಇತಿಹಾಸಕ್ಕೂ ನಮ್ಮ ದೇಶಕ್ಕೂ ಸಂಬಂಧವಿದೆ. 1912ರಲ್ಲಿ ಕಲ್ಕತ್ತೆಯಲ್ಲಿ ಲಿಯೊನಾರ್ಡ್ ರಾಜರ್ಸ್, ಇಪಿಕಾಕ್ ಎಂಬ ಬೇರಿನಿಂದ ತೆಗೆದ ಎಮಿಟಿನ್ನನ್ನು ಸೂಜಿಮದ್ದಾಗಿ ಕೊಟ್ಟು ರೋಗಿಗಳನ್ನು ಉಳಿಸಿದನು. ಅದು ಹೃದಯಕ್ಕೆ ಕೆಡಕು ಮಾಡಬಲ್ಲ ಔಷಧ. 1960ರ ದಶಕದಲ್ಲಿ ಮೆಟ್ರೊನಿಡಜೋಲ್ ಬಂದಮೇಲೆ ಅದು ಹಿಂದೆ ಸರಿಯಿತು. ಈಗ ಹುಣ್ಣಿನೊಳಗಿರುವ ಅಮೀಬಗಳಿಗೆ ಒಂದು ಔಷಧವನ್ನೂ, ಕರುಳಿನೊಳಗೆ ಉಳಿದ ಅದರ ಕೋಶಗಳಿಗೆ ಇನ್ನೊಂದನ್ನೂ ಕೊಡುವುದು ಕ್ರಮ. ಮೊದಲನೆಯದರಿಂದಲೇ ಗುಣ ಕಂಡಿತೆಂದು ಎರಡನೆಯದನ್ನು ಬಿಡುವವರಿಗೆ ರೋಗ ಮರುಕಳಿಸಬಹುದು.

ಒಂದು ರೋಗವನ್ನು ಇನ್ನೊಂದೆಂದು ತಿಳಿದರೆ ಏನಾಗಬಹುದೆಂಬುದಕ್ಕೆ 1933ರಲ್ಲಿ ಷಿಕಾಗೊ ನಗರದಲ್ಲಿ ನಡೆದ ದುರಂತ ಸಾಕ್ಷಿ. ಆ ವರ್ಷ ಅಲ್ಲಿ ವಿಶ್ವಪ್ರದರ್ಶನವಿತ್ತು. ದೇಶದ ಮೂಲೆಮೂಲೆಗಳಿಂದ ಜನ ಬಂದಿದ್ದರು. ಎರಡು ಹೋಟೆಲುಗಳ ಹಳೆಯ ಕೊಳವೆಗಳ ದೋಷದಿಂದ ಕೊಳಚೆ ಕುಡಿಯುವ ನೀರಿಗೆ ಸೇರಿತು. ಅತಿಥಿಗಳು ಅಮೀಬಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ತಮ್ಮ ತಮ್ಮ ಊರುಗಳಿಗೆ ಹೋಗಿ ಅಲ್ಲಿ ಕಾಯಿಲೆ ಬಿದ್ದರು. ಸಾವಿರಕ್ಕೂ ಮಿಕ್ಕಿ ಜನ ಪೀಡಿತರಾದರು, ನೂರರ ಹತ್ತಿರ ಸತ್ತರು. ಆಮಶಂಕೆ ಉಷ್ಣದೇಶಗಳ ರೋಗವೆಂದು ನಂಬಿದ್ದ ಅಲ್ಲಿನ ವೈದ್ಯರಲ್ಲಿ ಕೆಲವರು ಇದನ್ನು ಅಪೆಂಡಿಕ್ಸಿನ ಊತವೆಂದೂ, ಕರುಳಿನ ಬೇರೆ ಬಗೆಯ ಹುಣ್ಣೆಂದೂ ಭಾವಿಸಿ ಶಸ್ತ್ರಚಿಕಿತ್ಸೆ ಮಾಡಿದರು. ಸತ್ತವರಲ್ಲಿ ಹಲವರು ಹೀಗೆ ಕೊಯ್ಯಿಸಿಕೊಂಡವರು.

ನಮ್ಮಲ್ಲಿ ತಪ್ಪು ಇದಕ್ಕೆ ವಿರುದ್ಧವಾದ ದಿಕ್ಕಿನಲ್ಲಿ ನಡೆಯುತ್ತದೆ. ಹೊಟ್ಟೆಯ ಪ್ರತಿಯೊಂದು ದೂರಿಗೂ ‘ಅಮೀಬ’ ಎಂಬ ಹೆಸರು ಬೀಳುತ್ತದೆ. ಹತ್ತು ವರ್ಷದಿಂದ ಅಮೀಬ ಇದೆಯೆಂದು ಹೇಳಿಕೊಂಡು, ಆಗಾಗ ಅಂಗಡಿಯಿಂದ ಅದೇ ಗುಳಿಗೆಗಳನ್ನು ಕೊಂಡು ನುಂಗುವವರು ಕಡಮೆಯಿಲ್ಲ. ಮಲಪರೀಕ್ಷೆಯಲ್ಲಿ ಅಮೀಬದ ಕೋಶಗಳು ಕಂಡವೆಂಬುದು ಇದಕ್ಕೆ ಆಧಾರ. ಆದರೆ ನೋಟಕ್ಕೆ ಒಂದೇ ಆಗಿದ್ದು ಯಾವ ಕೆಡಕೂ ಮಾಡದ ಮತ್ತೊಂದು ಅಮೀಬ ಇದೆಯೆಂದು ಎಮಿಲ್ ಬ್ರುಂಪ್ಟ್ 1925ರಲ್ಲಿಯೇ ಹೇಳಿದ್ದನು. ಅದು ಬೇರೆಯೇ ಜಾತಿಯೆಂಬುದು ಎಲ್ಲರಿಗೂ ಒಪ್ಪಿತವಾಗಲು 1993ರವರೆಗೆ ಕಾಯಬೇಕಾಯಿತು. ಕೋಶ ಕಂಡ ಮಾತ್ರಕ್ಕೆ ರೋಗವೆನ್ನಲಾಗದು.

ಹೀಗೆ ಅಮೀಬದ ಹೆಸರು ಹೊತ್ತು ತಿರುಗುವವರಲ್ಲಿ ಹೆಚ್ಚಿನವರಿಗೆ ಇರುವುದು ಕರುಳಿನ ಕೆರಳು ಸ್ವಭಾವ. ಕರುಳಿನಲ್ಲಿ ಹುಣ್ಣಿಲ್ಲ, ಗಂಟಿಲ್ಲ. ನೋಡಿದರೆ ಎಲ್ಲ ಸರಿಯಾಗಿಯೇ ಇದೆ. ಆದರೆ ಅದರ ಚಲನೆಯಲ್ಲಿಯೂ ಅರಿವಿನಲ್ಲಿಯೂ ಏರುಪೇರು. ಬೆಳಗ್ಗೆ ಎದ್ದೊಡನೆ, ಕಾಫಿ ಕುಡಿದೊಡನೆ, ಕೆಲಸಕ್ಕೆ ಹೊರಡುವ ಹೊತ್ತಿಗೆ ಸರಿಯಾಗಿ ಎರಡು ಮೂರು ಸಲ ಅವಸರ. ಹೊಟ್ಟೆ ಹಿಂಡಿದಂತಾಗಿ, ಮಲ ಹೋದಮೇಲೆ ಹಗುರ. ಕೆಲವರಿಗೆ ಭೇದಿಯ ಬದಲು ಮಲಬದ್ಧತೆ, ಕೆಲವರಿಗೆ ಒಂದಾದಮೇಲೊಂದು. ಪ್ರಯಾಣದ ಅಥವಾ ಪರೀಕ್ಷೆಯ ಮುನ್ನಾದಿನ ಹೆಚ್ಚುತ್ತದೆ. ಇದನ್ನು ‘ಮನಸ್ಸಿನ ಭ್ರಮೆ’ಯೆಂದು ತಳ್ಳಿಹಾಕುವುದು ಅನ್ಯಾಯ, ಮೆದುಳಿಗೂ ಕರುಳಿಗೂ ನಡುವೆ ನರಗಳ ದಟ್ಟವಾದ ಸಂಪರ್ಕವಿದೆ. ಇದರಿಂದ ಪ್ರಾಣಕ್ಕೆ ಭಯವಿಲ್ಲ. ಆದರೆ ಈ ಬೇನೆ ಏನೇನನ್ನು ಮಾಡುವುದಿಲ್ಲವೆಂಬುದನ್ನು ತಿಳಿದಿರಬೇಕು: ರಕ್ತ ಬೀಳಿಸುವುದಿಲ್ಲ, ತೂಕ ಇಳಿಸುವುದಿಲ್ಲ, ಜ್ವರ ತರಿಸುವುದಿಲ್ಲ, ಮಲಗಿ ನಿದ್ರಿಸುತ್ತಿರುವವರನ್ನು ಸಾಮಾನ್ಯವಾಗಿ ಎಬ್ಬಿಸುವುದಿಲ್ಲ. ಇವುಗಳಲ್ಲಿ ಒಂದು ಕಂಡರೂ ಬೇರೆ ಕಾರಣವನ್ನು ಹುಡುಕಲೇಬೇಕು.

ರಾತ್ರಿ ನಿದ್ರೆಯಿಂದ ಎಬ್ಬಿಸುವ ರಕ್ತಭೇದಿ ವಾರಗಳಾದರೂ ನಿಲ್ಲದೆ, ರೋಗಾಣುವೂ ಸಿಗದಿದ್ದರೆ ಕರುಳಿನ ದೀರ್ಘಕಾಲದ ಹುಣ್ಣುರೋಗವನ್ನು ಶಂಕಿಸಬೇಕು. ವೈದ್ಯರು ಇದನ್ನು ಅಲ್ಸರೇಟಿವ್ ಕೊಲೈಟಿಸ್ ಎನ್ನುತ್ತಾರೆ; 1859ರಲ್ಲಿ ಲಂಡನ್ನಿನ ಸ್ಯಾಮ್ಯುಯಲ್ ವಿಲ್ಕ್ಸ್ ಇದನ್ನು ಗುರುತಿಸಿದನು. ಹೊರಗಿನ ಶತ್ರುವಿನ ಮೇಲೆ ಹೋಗಬೇಕಾದ ದೇಹರಕ್ಷಣೆಯ ಶಕ್ತಿ ಕರುಳಿನ ಒಳಪೊರೆಯ ಮೇಲೆಯೇ ತಿರುಗಿಬೀಳುವುದರಿಂದ ಇದು ಉಂಟಾಗುತ್ತದೆ. ಹೆಚ್ಚಾಗಿ ಹರೆಯದವರಲ್ಲಿ ಮೊದಲಾಗಿ, ತಿಂಗಳುಗಟ್ಟಲೆ ಅಡಗಿದ್ದು, ಮತ್ತೆ ಮರುಕಳಿಸುತ್ತದೆ. ಕೀಲುನೋವು, ಕಣ್ಣು ಕೆಂಪಾಗುವುದು ಜೊತೆಗೂಡುವುದುಂಟು. ಒಂದು ಕಾಲಕ್ಕೆ ಪಾಶ್ಚಾತ್ಯರ ರೋಗವೆನಿಸಿದ್ದ ಇದು ಈಗ ಭಾರತದಲ್ಲಿಯೂ ಹೆಚ್ಚುತ್ತಿದೆ. ಇದರ ಉಲ್ಬಣಾವಸ್ಥೆಯಲ್ಲಿ ಸ್ಟಿರಾಯ್ಡ್ ಔಷಧಗಳು ಜೀವ ಉಳಿಸುತ್ತವೆ. ಆದರೆ ಅದೇ ಔಷಧವನ್ನು ಅಮೀಬದ ಹುಣ್ಣಿರುವ ರೋಗಿಗೆ ತಿಳಿಯದೆ ಕೊಟ್ಟರೆ ದೇಹದ ತಡೆ ಕುಗ್ಗಿ, ಕರುಳು ತೂತಾಗಿ ಸಾವು ಸಂಭವಿಸಬಹುದು. ಎರಡು ರೋಗಗಳ ಕುರುಹು ಒಂದೇ. ಒಂದರ ಮದ್ದು ಇನ್ನೊಂದಕ್ಕೆ ವಿಷ. ಮಲಪರೀಕ್ಷೆಗೆ ವೈದ್ಯರು ಆಗ್ರಹಪಡಿಸುವುದು ಇದಕ್ಕಾಗಿಯೇ. ಮಲವನ್ನು ಬಿಸಿಯಾರುವ ಮುನ್ನ, ಅರ್ಧ ಗಂಟೆಯೊಳಗೆ, ಪ್ರಯೋಗಶಾಲೆಗೆ ಮುಟ್ಟಿಸಬೇಕು. ತಡವಾದರೆ ಚಲಿಸುವ ಅಮೀಬಗಳು ಸತ್ತು ಗುರುತು ಸಿಗದೆ ಹೋಗುತ್ತವೆ.

ಅಂಧನಾಳದ ಬಳಿ, ಎರಡು ಕರುಳುಗಳು ಕೂಡುವಲ್ಲಿ, ನಮ್ಮ ದೇಶದಲ್ಲಿ ಮರೆಯಬಾರದ ಇನ್ನೊಂದು ರೋಗವಿದೆ, ಅದು ಕ್ಷಯ. ಶ್ವಾಸಕೋಶದಲ್ಲಿ ಕ್ಷಯದ ಸುಳಿವೇ ಇಲ್ಲದವರಲ್ಲಿಯೂ ಇದು ಕಾಣಿಸಬಹುದು. ಊಟವಾದ ಕೆಲ ಹೊತ್ತಿಗೆ ಹೊಟ್ಟೆ ಗುಡುಗುಟ್ಟಿ ನುಲಿದು ಬರುವುದು, ಸಂಜೆಯ ಜ್ವರ, ಇಳಿಯುವ ತೂಕ, ಬಲ ಕಿಬ್ಬೊಟ್ಟೆಯಲ್ಲಿ ಕೈಗೆ ಸಿಗುವ ಗಡ್ಡೆ ಇದರ ಲಕ್ಷಣಗಳು. 1932ರಲ್ಲಿ ನ್ಯೂಯಾರ್ಕಿನಲ್ಲಿ ಕ್ರೋನ್ ಮತ್ತು ಆತನ ಸಂಗಡಿಗರು ವರ್ಣಿಸಿದ ಕ್ರೋನ್ ರೋಗವೂ ಇದೇ ಜಾಗದಲ್ಲಿ ಇದೇ ವೇಷದಲ್ಲಿ ಬರುತ್ತದೆ. ಇವೆರಡನ್ನು ಬೇರ್ಪಡಿಸುವುದು ನುರಿತ ವೈದ್ಯರಿಗೂ ಕಷ್ಟ.

ಇನ್ನು ಕ್ಯಾನ್ಸರ್ ಎಂಬ ಏಡಿಗಂತಿಯ ವಿಚಾರ. 2022ರಲ್ಲಿ ಲೋಕದಲ್ಲೆಲ್ಲ ಸೇರಿ 19 ಲಕ್ಷಕ್ಕೂ ಹೆಚ್ಚು ಜನರಿಗೆ ದೊಡ್ಡ ಕರುಳಿನ ಮತ್ತು ಗುದನಾಳದ ಏಡಿಗಂತಿ ಹೊಸದಾಗಿ ಕಂಡುಬಂದಿತೆಂದೂ, ಸುಮಾರು 9 ಲಕ್ಷ ಜನ ಅದರಿಂದ ಸತ್ತರೆಂದೂ ಅಂದಾಜು. ಭಾರತದಲ್ಲಿ ಇದರ ಪ್ರಮಾಣ ಪಾಶ್ಚಾತ್ಯ ದೇಶಗಳಿಗಿಂತ ಕಡಮೆ. ಆದರೆ ನಮ್ಮ ರೋಗಿಗಳು ವೈದ್ಯರ ಬಳಿಗೆ ಬರುವುದು ತಡ. ಈ ತಡವೇ ದುಃಖಕರ, ಏಕೆಂದರೆ ಏಡಿಗಂತಿಗಳಲ್ಲಿ ಇಷ್ಟು ನಿಧಾನವಾಗಿ, ಇಷ್ಟು ಅವಕಾಶ ಕೊಟ್ಟು ಬರುವುದು ವಿರಳ. ಬಹುಪಾಲು ಅದು ಮೊದಲು ಪಾಲಿಪ್ ಎಂಬ ಕಿರುಗಂಟಾಗಿ, ಒಳಪೊರೆಯ ಮೇಲೆ ಅಣಬೆಯ ಮೊಗ್ಗಿನಂತೆ ಏಳುತ್ತದೆ. ಎಲ್ಲ ಪಾಲಿಪ್‌ಗಳೂ ಕೆಡುವುದಿಲ್ಲ. ಕೆಡುವಂಥದು ಏಡಿಗಂತಿಯಾಗಲು ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ಹಿಡಿಯುತ್ತದೆ. ಅಷ್ಟರೊಳಗೆ ಅದನ್ನು ತೆಗೆದುಹಾಕಿದರೆ ಏಡಿಗಂತಿ ಬರುವ ಸಂಭವವೇ ಬಹಳ ಕಡಮೆಯಾಗುವುದೆಂದು ಅಮೆರಿಕದಲ್ಲಿ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಗೋಡೆಯೊಳಗೇ ಇರುವಾಗ ಕೊಯ್ದು ತೆಗೆದ ಏಡಿಗಂತಿಯ ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಐದು ವರ್ಷಗಳಾಚೆಗೂ ಬದುಕಿರುತ್ತಾರೆ. ದೂರದ ಅಂಗಗಳಿಗೆ ಹಬ್ಬಿದಮೇಲೆ ಈ ಲೆಕ್ಕ ತಲೆಕೆಳಗಾಗುತ್ತದೆ.

ಮೇಲೆ ಹೇಳಿದ ಎಡಬಲದ ವ್ಯತ್ಯಾಸ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಎಡಭಾಗದಲ್ಲಿ ನಾಳ ಇಕ್ಕಟ್ಟು, ಮಲ ಗಟ್ಟಿ. ಅಲ್ಲಿ ಗಂತಿ ಬೆಳೆದರೆ ದಾರಿ ಕಟ್ಟುತ್ತ ಬರುತ್ತದೆ. ಬಹಳ ವರ್ಷಗಳಿಂದ ಕ್ರಮವಾಗಿದ್ದ ಅಭ್ಯಾಸ ಕೆಡುತ್ತದೆ. ಕೆಲವು ದಿನ ಕಟ್ಟಿ, ಕೆಲವು ದಿನ ಭೇದಿಯಾಗಿ, ಮಲದಲ್ಲಿ ಬೆರೆತ ರಕ್ತ ಕಾಣುತ್ತದೆ. ಬಲಭಾಗದ ಗಂತಿಯಾದರೋ ಅಗಲವಾದ ಜಾಗದಲ್ಲಿ ತೆಳ್ಳನೆಯ ದ್ರವದ ನಡುವೆ ಬೆಳೆಯುವುದರಿಂದ ಯಾವ ಅಡ್ಡಿಯನ್ನೂ ಮಾಡದು. ದಿನವೂ ಸ್ವಲ್ಪ ಸ್ವಲ್ಪ ರಕ್ತ ಜಿನುಗುತ್ತದೆ, ಮಲದಲ್ಲಿ ಬೆರೆತು ಕಣ್ಣಿಗೆ ಕಾಣದೆ ಹೋಗುತ್ತದೆ. ರೋಗಿಯ ದೂರು ಹೊಟ್ಟೆಯದೇ ಅಲ್ಲ. ಮಹಡಿ ಹತ್ತಿದರೆ ಏದುಸಿರು, ಮೈಯಲ್ಲಿ ನಿತ್ರಾಣ, ಮುಖ ಬಿಳಿಚಿಕೊಂಡಿದೆ ಎಂದು ಬರುತ್ತಾರೆ. ಪರೀಕ್ಷಿಸಿದರೆ ಕಬ್ಬಿಣದ ಕೊರತೆಯ ರಕ್ತಹೀನತೆ. ಕಬ್ಬಿಣದ ಗುಳಿಗೆ ಕೊಟ್ಟರೆ ರಕ್ತ ಏರುತ್ತದೆ, ಎಲ್ಲರಿಗೂ ಸಮಾಧಾನ. ಸೋರುವ ತೊಟ್ಟಿಗೆ ನೀರು ತುಂಬಿದಂತೆ. ಎಳೆಯ ಹೆಂಗಸರಲ್ಲಿ ಮುಟ್ಟಿನ ರಕ್ತಸ್ರಾವದಿಂದ ಕಬ್ಬಿಣ ಕಡಮೆಯಾಗುವುದು ಸಾಮಾನ್ಯ. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಹಾಗಾಗಲು ಅಂತಹ ಕಾರಣವಿಲ್ಲ. ಇವರಲ್ಲಿ ಜಠರವನ್ನೂ ದೊಡ್ಡ ಕರುಳನ್ನೂ ನೋಡದೆ ಕಬ್ಬಿಣವನ್ನಷ್ಟೇ ಕೊಡುತ್ತ ಹೋಗುವುದು, ನನ್ನ ಅಭಿಪ್ರಾಯದಲ್ಲಿ, ಮೂಲವ್ಯಾಧಿಯ ಊಹೆಗಿಂತ ದೊಡ್ಡ ತಪ್ಪು.

ಮನೆತನದ ವಿಚಾರವನ್ನೂ ಇಲ್ಲಿಯೇ ಹೇಳಬೇಕು. 1895ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಆಲ್ಡ್ರೆಡ್ ವಾರ್ತಿನ್ ಎಂಬ ರೋಗಶಾಸ್ತ್ರಜ್ಞನಿಗೆ ಅವನ ಬಟ್ಟೆ ಹೊಲಿಯುವ ಹೆಂಗಸು, ತನ್ನ ಮನೆಯವರಲ್ಲಿ ಹಲವರು ಏಡಿಗಂತಿಯಿಂದ ಸತ್ತರೆಂದೂ ತನ್ನ ಗತಿಯೂ ಅದೇ ಎಂದೂ ಹೇಳಿದಳು. ಅವಳು ಹೇಳಿದಂತೆಯೇ ಆಯಿತು. ವಾರ್ತಿನ್ ಆ ವಂಶದ ವೃತ್ತಾಂತವನ್ನು ಕಲೆಹಾಕಿ 1913ರಲ್ಲಿ ಪ್ರಕಟಿಸಿದನು. ಕರುಳಿನ ಮತ್ತು ಗರ್ಭಕೋಶದ ಏಡಿಗಂತಿ ಕೆಲವು ಮನೆತನಗಳಲ್ಲಿ ಎಳೆಯ ವಯಸ್ಸಿಗೇ ಬರುತ್ತದೆಂಬುದು ಮುಂದೆ ಹೆನ್ರಿ ಲಿಂಚ್ ಎಂಬ ವೈದ್ಯನ ದುಡಿಮೆಯಿಂದ ಸ್ಥಿರಪಟ್ಟಿತು. ತಂದೆತಾಯಿ, ಒಡಹುಟ್ಟಿದವರಲ್ಲಿ ಈ ರೋಗ ಇದ್ದವರು ವಯಸ್ಸಾಗುವವರೆಗೆ ಕಾಯದೆ ಪರೀಕ್ಷೆಗೆ ಒಳಗಾಗಬೇಕು.

ಹಾಗಾದರೆ ಮೂಲವ್ಯಾಧಿಯ ರಕ್ತ ಹೇಗಿರುತ್ತದೆ? ಅಚ್ಚಕೆಂಪಾಗಿ, ಮಲ ಹೋದಮೇಲೆ, ತೊಟ್ಟಿಕ್ಕಿದಂತೆ ಅಥವಾ ಚಿಮ್ಮಿದಂತೆ, ಸಾಮಾನ್ಯವಾಗಿ ನೋವಿಲ್ಲದೆ ಬೀಳುತ್ತದೆ, ಮಲದಲ್ಲಿ ಬೆರೆತಿರುವುದಿಲ್ಲ. ಚೂರಿಯಿಂದ ಸೀಳಿದಂತೆ ನೋವಾಗಿ ಒಂದೆರಡು ಹನಿ ಬಿದ್ದರೆ ಗುದದ್ವಾರದಲ್ಲಿ ಬಿರುಕಿದೆ. ರಕ್ತ ಲೋಳೆಯೊಡನೆ ಅಥವಾ ಮಲದೊಡನೆ ಬೆರೆತಿದ್ದರೆ ಅದು ಮೇಲಿನಿಂದ ಬಂದದ್ದು. ಮಲ ಟಾರಿನಂತೆ ಕಪ್ಪಾಗಿ ಅಂಟಂಟಾಗಿದ್ದರೆ ರಕ್ತ ಇನ್ನೂ ಮೇಲೆ, ಹೆಚ್ಚಾಗಿ ಜಠರದಲ್ಲಿ, ಸೋರಿದೆ. ಕಬ್ಬಿಣದ ಗುಳಿಗೆಯಿಂದಲೂ ಮಲ ಕಪ್ಪಾಗುವುದುಂಟು. ಈ ಗುರುತುಗಳು ದಾರಿ ತೋರುತ್ತವೆ, ತೀರ್ಪು ಕೊಡಲಾರವು. ಮೂಲವ್ಯಾಧಿ ಬಹಳ ಜನರಲ್ಲಿರುವುದರಿಂದ ಅದೂ ಏಡಿಗಂತಿಯೂ ಒಬ್ಬನಲ್ಲಿಯೇ ಒಟ್ಟಿಗಿರುವುದು ಅಸಾಧ್ಯವಲ್ಲ. ನಲವತ್ತೈದು ದಾಟಿದವರಲ್ಲಿ ರಕ್ತ ಹೊಸದಾಗಿ ಕಂಡರೆ ಮೂಲವ್ಯಾಧಿ ಕಣ್ಣೆದುರಿಗೇ ಇದ್ದರೂ ಮೇಲಿನ ಕರುಳನ್ನು ನೋಡುವುದು ಲೇಸು.

ಕೆಲವು ಕುರುಹುಗಳಿಗೆ ಮಾತ್ರ ದಿನಗಟ್ಟಲೆ ಕಾಯುವಂತಿಲ್ಲ. ಹೊಕ್ಕುಳ ಸುತ್ತ ಮೊದಲಾದ ನೋವು ಕೆಲವು ಗಂಟೆಗಳಲ್ಲಿ ಬಲ ಕಿಬ್ಬೊಟ್ಟೆಗೆ ಇಳಿದು ನಿಂತು, ವಾಕರಿಕೆ, ಸಣ್ಣ ಜ್ವರ ಕಂಡರೆ ಅಪೆಂಡಿಕ್ಸಿನ ಊತವಿರಬಹುದು. ಹೊಟ್ಟೆ ಶುದ್ಧಿಯಾಗಲೆಂದು ಹರಳೆಣ್ಣೆ ಕುಡಿಸುವುದು ನಮ್ಮ ಮನೆಗಳ ಹಳೆಯ ರೂಢಿ. ಊದಿದ ಅಪೆಂಡಿಕ್ಸ್ ಇರುವಾಗ ಭೇದಿಯ ಮದ್ದು ಕೊಟ್ಟರೆ ಅದು ಒಡೆಯಬಹುದು. ಹೊಟ್ಟೆ ತಟ್ಟನೆ ನಗಾರಿಯಂತೆ ಉಬ್ಬಿ, ಮಲವೂ ಅಧೋವಾಯುವೂ ಎರಡೂ ನಿಂತುಹೋದರೆ ಕರುಳು ತಿರುಚಿಕೊಂಡಿದೆಯೆಂದೋ ದಾರಿ ಮುಚ್ಚಿದೆಯೆಂದೋ ತಿಳಿದು, ಆ ರಾತ್ರಿಯೇ ಆಸ್ಪತ್ರೆಗೆ ಸಾಗಿಸಬೇಕು.

ಉಳಿದೆಲ್ಲಕ್ಕೂ ಸಾಮಾನ್ಯವಾದ ಪರೀಕ್ಷೆ ಕೊಲನಾಸ್ಕೋಪಿ. ಬೆರಳಿನ ದಪ್ಪದ, ಬಾಗುವ ನಳಿಗೆಯ ತುದಿಯಲ್ಲಿ ದೀಪವೂ ಕ್ಯಾಮೆರವೂ ಇರುತ್ತವೆ. 1969ರಲ್ಲಿ ನ್ಯೂಯಾರ್ಕಿನಲ್ಲಿ ವುಲ್ಫ್ ಮತ್ತು ಶಿನ್ಯ ಎಂಬಿಬ್ಬರು ಈ ನಳಿಗೆಯೊಳಗಿಂದ ತಂತಿಯ ಕುಣಿಕೆಯನ್ನು ಹಾಯಿಸಿ, ಹೊಟ್ಟೆಯನ್ನು ಕೊಯ್ಯದೆಯೇ ಪಾಲಿಪ್ಪನ್ನು ಕತ್ತರಿಸಿ ತೆಗೆದರು. ಈ ಪರೀಕ್ಷೆಯ ಹೆಸರು ಕೇಳಿ ಹೆದರುವವರು ನಿಜವಾಗಿ ಹೆದರಬೇಕಾದದ್ದು ಅದರ ಹಿಂದಿನ ದಿನಕ್ಕೆ. ನಾರಿಲ್ಲದ ತೆಳು ಆಹಾರ, ಅನಂತರ ಉಪ್ಪುಪ್ಪಾದ ಭೇದಿಯ ದ್ರಾವಣ ಲೀಟರುಗಟ್ಟಲೆ. ಕೊನೆಗೆ ತಿಳಿನೀರು ಬರುವವರೆಗೆ ಕರುಳು ಬರಿದಾಗಬೇಕು. ಇದರಲ್ಲಿ ಅರೆಮನಸ್ಸು ಮಾಡಿದರೆ ಚಿಕ್ಕ ಗಂಟುಗಳು ಮಲದ ಮರೆಯಲ್ಲಿ ಉಳಿದುಬಿಡುತ್ತವೆ. ಪರೀಕ್ಷೆ ಅರ್ಧ ಗಂಟೆಯ ಕೆಲಸ. ಮಂಪರು ಬರುವ ಔಷಧವನ್ನು ಮೊದಲೇ ಕೊಡುತ್ತಾರೆ. ಗಾಳಿ ತುಂಬಿದಾಗ ಹೊಟ್ಟೆ ಬಿಗಿದಂತಾಗಬಹುದು. ಒಳಪೊರೆಯಿಂದ ಚೂರು ತೆಗೆದದ್ದಾಗಲಿ, ಗಂಟನ್ನು ಸುಟ್ಟು ಕತ್ತರಿಸಿದ್ದಾಗಲಿ ರೋಗಿಗೆ ತಿಳಿಯುವುದೇ ಇಲ್ಲ. ಸಂಜೆಗೆ ಮನೆಗೆ ಹೋಗಬಹುದು. ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ವರದಿ ಬರಲು ಇನ್ನೂ ಕೆಲವು ದಿನ ಹಿಡಿಯುತ್ತದೆ.